ಎದುರಿಗೆ ಯಾರಾದರೂ ಕೂತಿರಬೇಕಿತ್ತು

ಇಲ್ಲಿ ಸೇರಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನು ಅಗಲಿದ ನಟರ ಅಕ್ಕನವರಿಗೂ ನಮಸ್ಕಾರ. ನಾನು ಕ್ಯಾಮೆರಾದವನು. ಮಾತು ನನ್ನ ಕಸುಬಲ್ಲ — ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವರ ಏಕವ್ಯಕ್ತಿ ನಾಟಕವನ್ನು ನೀವೆಲ್ಲ ನೋಡಿದ್ದೀರಿ. ಒಂದು ಮೇಜು, ಒಂದು ಕುರ್ಚಿ, ಒಂದು ನೋಟ್‌ಬುಕ್, ಮೊದಲ ಕಾದಂಬರಿ ಬರೆಯಲು ಒದ್ದಾಡುವ ಒಬ್ಬ ಮನುಷ್ಯ. ಬರೆಯುತ್ತಾನೆ, ಹೊಡೆದು ಹಾಕುತ್ತಾನೆ, ನಮ್ಮ ಕಡೆ ತಿರುಗಿ ಗೊಣಗುತ್ತಾನೆ. ನಗುತ್ತಿದ್ದೆವು ನಾವು. ತಂಡದಲ್ಲಿ ಅವರ ಹೆಸರೇ ‘ಕಾದಂಬರಿಕಾರರು’ ಎಂದಾಗಿತ್ತು. “ಎಷ್ಟು ಪುಟ ಆಯ್ತು ಸಾರ್?” ಎಂದು ಕಾಲೆಳೆದರೆ, “ನೀವು ಬಂದು ಕೂತ್ರೆ ಆಗತ್ತೆ ಕಣ್ರಯ್ಯಾ” ಎನ್ನುತ್ತಿದ್ದರು.

ಅದನ್ನು ಚಿತ್ರೀಕರಿಸೋಣ ಎಂದವನು ನಾನು. ಸಭಾಂಗಣ ಖಾಲಿ ಇರಬೇಕು ಎಂದವನೂ ನಾನೇ — ಜನ ಕೆಮ್ಮಿದರೆ ಧ್ವನಿ ಕೆಡುತ್ತದಲ್ಲ! ಅವತ್ತು ಅವರ ಪೆನ್ನು ಓಡಲೇ ಇಲ್ಲ. ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದರು. ನಾನು — ಹೀಗೆ ಕೈ ಆಡಿಸಿ — “ಸುಮ್ನೆ ಗೀಚಿ ಸಾರ್, ಅಕ್ಷರ ಕಾಣಲ್ಲ” ಎಂದೆ. ಗೀಚಿದರು.

ಚಿತ್ರ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ಎಲ್ಲರೂ ಮನೆಯಲ್ಲೇ ನೋಡಿದರು. ನಾಟಕಕ್ಕೆ ಕರೆಯುವವರೇ ಇಲ್ಲವಾದರು.

ಮೊನ್ನೆ ಅಕ್ಕನವರು ಆ ನೋಟ್‌ಬುಕ್ ನನ್ನ ಕೈಗಿಟ್ಟರು. ನಾವು ರಂಗದ ಸಾಮಾನು ಅಂದುಕೊಂಡಿದ್ದ ಅದೇ ನೋಟ್‌ಬುಕ್. ಅದರಲ್ಲಿ ಕಾದಂಬರಿ ಇದೆ — ನಿಜವಾದ ಕಾದಂಬರಿ. ಒಂದೊಂದು ಪ್ರದರ್ಶನಕ್ಕೆ ಒಂದೊಂದು ಪುಟ, ತಲೆಯ ಮೇಲೆ ತಾರೀಖು. ಅರವತ್ತೆರಡು ಪುಟ. ಅರವತ್ತಮೂರನೆಯದರಲ್ಲಿ ನಮ್ಮ ಚಿತ್ರೀಕರಣದ ತಾರೀಖು, ಕೆಳಗೆ ಬರೀ ಗೀಚು. ಅಲ್ಲಿಂದ ಮುಂದೆ ಏನೂ ಇಲ್ಲ. “ಮನೇಲಿ ಒಬ್ನೇ ಕೂತ್ರೆ ಒಂದಕ್ಷರ ಹುಟ್ಟಲ್ಲ ಅಕ್ಕಾ ಅಂತಿದ್ದ” ಎಂದರು ಅಕ್ಕ.

ಹೋದ ವರ್ಷ ನನಗೆ ಫೋನ್ ಮಾಡಿದ್ದರು. “ಬಿಡುವಿದ್ರೆ ಬಾರಯ್ಯ. ಮಾತೇನೂ ಬೇಡ. ಒಂದು ಗಂಟೆ ಎದುರಿಗೆ ಸುಮ್ನೆ ಕೂತಿರು, ಸಾಕು.” ನನಗೆ ತಲೆಬುಡ ಅರ್ಥವಾಗಲಿಲ್ಲ. ವಯಸ್ಸಾಯಿತು, ಬೇಜಾರಾಗಿರಬೇಕು ಅಂದುಕೊಂಡೆ. “ಮುಂದಿನ ವಾರ ಬರ್ತೀನಿ ಸಾರ್” ಎಂದೆ. ಹೋಗಲಿಲ್ಲ. ಅದರ ಮುಂದಿನ ವಾರವೂ — ಹೋಗಲಿಲ್ಲ. ನಾಚಿಕೆಯಾಗುತ್ತದೆ ನನಗೆ, ಇಲ್ಲಿ ನಿಂತು ಹೇಳುವುದಕ್ಕೆ.

ಮೇಜಿನ ಮೇಲೆ ಆ ನೋಟ್‌ಬುಕ್ ಇಟ್ಟಿದ್ದೇನೆ. ಅರವತ್ತನಾಲ್ಕನೆಯ ಪುಟ ತೆರೆದಿದೆ. ಅವರು ಕೇಳಿದ್ದು ಒಂದು ಗಂಟೆ. ಈಗ ನಮ್ಮಿಂದ ಆಗುವುದು ಒಂದು ನಿಮಿಷ. ದಯವಿಟ್ಟು ಎಲ್ಲರೂ ಎದ್ದು ಮೌನವಾಗಿ ನಿಲ್ಲೋಣ.

ಕೆಮ್ಮು ಬಂದರೆ — ತಡೆಯಬೇಡಿ.