ಆಪರೇಷನ್ ಕೋಣೆಯ ಪಿಗ್‌ಟೇಲು

...ನಗ್ತೀಯಾ? ನಗು, ನಗು! ಬೆಳಗ್ಗೆಯಿಂದ ಈ ಆಸ್ಪತ್ರೆ ಗೋಡೆಗೆ ಮುಖ ಕೊಟ್ಟು ಕೂತಿದ್ದೀವಿ. ನಾವೆಳೆದ ಎಲ್ಲ ಫೈಬರ್ ಲೈನಲ್ಲೂ ಬೆಳಕು ಹರೀತಿದೆ, ಆಪರೇಷನ್ ಕೋಣೆಯದೊಂದೇ ಸತ್ತು ಬಿದ್ದಿದೆ. ಸ್ಕ್ಯಾನ್ ಚಿತ್ರ ಬರ್ಲಿಲ್ಲ ಅಂತ ಡಾಕ್ಟರು ಕೂಗಾಡ್ತಿದ್ದಾರೆ, ಇವಳಿಗೆ ನಗು! ದೇವರೇ, ಕ್ಷಮಿಸಪ್ಪಾ ಇವಳನ್ನ.

ಅಲ್ಲ ಕಣೇ, ಪಿಗ್‌ಟೇಲ್ ಅಂದ್ರೆ ಏನು ಮಹಾ? ಎರಡು ಮೊಳದ ಗಾಜಿನೆಳೆ. ಒಂದು ತುದೀಲಿ ಕನೆಕ್ಟರ್, ಇನ್ನೊಂದು ಬೋಳು. ಆ ಬೋಳು ತುದೀನ ಗೋಡೆಯಿಂದ ಬಂದ ಕೇಬಲ್ಲಿನ ಎಳೆಗೆ ಬೆಸೆಯೋದು ನಿನ್ನ ಕೆಲಸ. ಕನೆಕ್ಟರ್‌ನ ಪ್ಯಾನೆಲ್ಲಿಗೆ ಚುಚ್ಚೋದು ನನ್ನದು. ಚುಚ್ಚೋದ್ರಲ್ಲಿ ತಪ್ಪೋಕೇನಿದೆ? ನಿನ್ನ ಬೆಸುಗೆಯೇ ಕೆಟ್ಟಿದೆ. ಅಂಗಿಗೆ ಗುಂಡಿ ಹೊಲಿಯೋಕೂ ಬಾರದ ಕೈ! ತಮ್ಮನ ಹೆಂಡತಿ ಅಂತ ಕರಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ.

ಸೂಪರ್‌ವೈಸರಿಗೆ ಹೇಳಿಯೂ ಆಯ್ತು, ನಾಳೆಯಿಂದ ಇವಳು ಬೇಡ ಅಂತ. ಈಗ ಬರ್ತಾರೆ... ಹಾಗ್ಯಾಕೆ ನೋಡ್ತೀಯ? ದ್ವೇಷ ಇಲ್ಲ ತಾಯೀ, ದಿನಾ ನಿನ್ನ ಹೆಸರು ಹೇಳಿ ಬೇಡಿಕೊಳ್ತೀನಿ. ನಿನ್ನ ದೆಸೆಯಿಂದ ಬೆಳಗ್ಗೆಯಿಂದ ತಲೆನೋವು, ಹಣೆ ತುಂಬ ಮುಲಾಮು. ಆದ್ರೂ ಬೇಡಿಕೊಳ್ತೀನಿ!

ನಾನಾ? ನಾನೇನು ನಿನ್ನ ಹಾಗಾ? ಒಳಗೆ ಮಲಗಿರೋರ ಪ್ರಾಣದ ಲೈನು ಅಂತ ಇದೊಂದಕ್ಕೆ ಬೇರೆಯಾಗಿ ಪ್ರಾರ್ಥನೆ ಮಾಡಿಯೇ ಚುಚ್ಚಿದ್ದು. ಕನೆಕ್ಟರ್‌ನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ... ಆಮೇಲಾ? ಆಮೇಲೆ ಏನೋ! ಅದು ನನಗೂ ದೇವರಿಗೂ ಇರೋ ಮಾತು. ನಿನಗ್ಯಾಕೆ?

ಏಯ್, ಅದನ್ನ ಯಾಕೆ ಹೊರಗೆ ಎಳೆದೆ? ಸರಿ ನೋಡು, ಮೈಕ್ರೋಸ್ಕೋಪಿಗೇ ಇಟ್ಟು ನೋಡು. ಪರದೆ ಇತ್ತ ತಿರುಗಿಸು... ಅಬ್ಬಬ್ಬಾ! ತುದಿ ತುಂಬ ಜಿಡ್ಡು! ಕೂದಲೆಳೆಗಿಂತ ಸಣ್ಣ ದಾರಿ ಕಣೇ ಬೆಳಕಿಗೆ, ಅದರ ಬಾಯಿಗೇ ಎಣ್ಣೆ ಮೆತ್ತಿದ್ರೆ ಹೇಗೆ ಹೋದೀತು? ಸಿಕ್ಕಿಬಿದ್ದೆ! ಕೈ ತೊಳೀದೆ ಮುಟ್ಟಿದ್ದೀಯ. ಶುದ್ಧಿ ಅನ್ನೋದು ಮನಸ್ಸಲ್ಲಿರಬೇಕು, ಆಗ ಕೈಗೂ ಬರುತ್ತೆ...

ಅಯ್ಯೋ, ಮೂಗಿಗ್ಯಾಕೆ ಹಿಡಕೊಂಡೆ? ಕನೆಕ್ಟರ್‌ನ ಯಾರಾದ್ರೂ ಮೂಸ್ತಾರಾ?

...ಏನೇ? ಮುಲಾಮಿನ ವಾಸನೆ ಅಂತೀಯಾ?

ಬೈಯೋದಾದ್ರೆ ಬೈ. ನನ್ನ ಮುಖ ಹಾಗೆ ನೋಡಬೇಡ.

ಇದೇನು, ಒರೆಸೋ ಬಟ್ಟೆ ನನಗ್ಯಾಕೆ ಕೊಡ್ತೀಯ? ಕನೆಕ್ಟರ್ ನಿನ್ನ ಕೈಲೇ ಇದೆಯಲ್ಲ...

ಓ.

ಹಣೆಗಾ.

...ಕೊಡು. ಬೇಗ ಕೊಡೇ... ಸೂಪರ್‌ವೈಸರು ಮೆಟ್ಟಿಲು ಹತ್ತೋ ಸದ್ದು ಕೇಳಿಸ್ತಿದೆ.