ಎಂಬತ್ತರಾಚೆಯ ಎರಡು ಸುತ್ತು

ನಂಬುವುದಾದರೆ ನಂಬಿ, ಇಲ್ಲದಿದ್ದರೆ ದೀಪ ಆರಿಸಿ ಮಲಗಿ. ಇದು ಆದದ್ದು ನಮ್ಮ ದೊಡ್ಡಪ್ಪನ ಮಗಳು ತನುಜಳಿಗೆ, ಮೊನ್ನೆ ಮಾಘದಲ್ಲಿ.

ಚಿಂತಾಮಣಿಯಿಂದ ಕೊನೇ ಬಸ್ಸಿಗೆ ಬಂದು ದಿಬ್ಬೂರಹಳ್ಳಿಯಲ್ಲಿ ಇಳಿದವಳು ಅವಳೊಬ್ಬಳೇ. ಹಾಳುಬಾವಿ ದಾಟಿ ಹೋಗಬೇಕು... ಕಾಲೇ ಏಳುತ್ತಿಲ್ಲ. ಬಾವಿಯ ಭಯಕ್ಕಲ್ಲ, ಅಮ್ಮನಿಗೆ ಹೇಗೆ ಮುಖ ತೋರಿಸಲಿ ಎಂದು.

ಅವಳ ಅಣ್ಣ ಮಧುಸೂದನ ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುತ್ತಿದ್ದ. ಹೋದ ವರ್ಷ ತೀರಿಕೊಂಡ. ಅವನ ಹಳೇ ಮೆಷಿನ್ನಿಗೆ ಫ್ಲಾಪಿಯೇ ಗತಿ. ಫ್ಲಾಪಿಯೊಳಗಿನ ತಟ್ಟೆಯಲ್ಲಿ ಬರೆಯೋಕೆ ಇರುವುದು ಎಂಬತ್ತು ಸುತ್ತು, ದೊಡ್ಡ ಡಿಸೈನು ಅದರಲ್ಲಿ ಹಿಡಿಯುವುದಿಲ್ಲ. ಈ ಪುಣ್ಯಾತ್ಮ ಬೇರೆ ಥರ ಫಾರ್ಮ್ಯಾಟ್ ಮಾಡಿ, ಸುತ್ತಿಗಿಷ್ಟು ಹೆಚ್ಚು ತುರುಕಿ, ಮೇಲೆ ಇನ್ನೆರಡು ಸುತ್ತು ಗಿಟ್ಟಿಸುತ್ತಿದ್ದ. ಓದುವಾಗ ಡ್ರೈವು ಟಕ್ ಟಕ್ ಎನ್ನುತ್ತಾ ಹೋಗಿ, ಕೊನೆಗೆ ಆ ಹೆಚ್ಚಿನ ಎರಡು ಸುತ್ತಿಗೆ ಎರಡು ಸಲ 'ಕರ್ರ್... ಕರ್ರ್' ಎನ್ನುತ್ತಿತ್ತು.

ಅವನು ಕೊನೆಯದಾಗಿ ಮಾಡಿದ ನವಿಲು ಅಂಥದೊಂದು ಫ್ಲಾಪಿಯಲ್ಲಿತ್ತು. ಪಕ್ಕದ ಮನೆ ಯಾಮಿನಿಯ ಮದುವೆ ರವಿಕೆಗೆ ಅದೇ ಬೇಕು, ಮರುದಿನ ಬೆಳಗ್ಗೆಯೇ ಕೊಡಬೇಕು. ಫ್ಲಾಪಿ ಹಳತಾಯಿತು, ಒಂದು ಕಾಪಿ ಇರಲಿ ಎಂದು ತನುಜ ಚಿಂತಾಮಣಿಯ ಕಂಪ್ಯೂಟರ್ ಅಂಗಡಿಗೆ ಒಯ್ದಿದ್ದಳು. ಅಲ್ಲಿನ ಹೊಸ ಡ್ರೈವಿಗೆ ಅಣ್ಣನ ಫಾರ್ಮ್ಯಾಟು ತಿಳಿಯಲಿಲ್ಲ. ಇದರಲ್ಲಿ ಏನೂ ಇಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಇವಳು ಅವಸರದಲ್ಲಿ ಎಸ್ ಒತ್ತಿದಳು... ಅಣ್ಣ ಮಾಡಿದ ಡಿಸೈನು ಅಂತ ಉಳಿದದ್ದು ಅದೊಂದೇ. ತನ್ನ ಕೈಯಾರೆ ಅಳಿಸಿಬಿಟ್ಟಳು.

ಬಾವಿ ದಾಟಿದಳು. ಮನೆ ಮುಂದೆ ಅಮ್ಮ ಕೊಂಡಮ್ಮ ಕತ್ತಲಲ್ಲಿ ನಿಂತಿದ್ದಾಳೆ.

"ಸದ್ದು ಮಾಡ್ಬೇಡ ಕಣಮ್ಮ," ಎಂದಳು ಪಿಸುದನಿಯಲ್ಲಿ. "ಮೆಷಿನ್ ರೂಮಲ್ಲಿ ಯಾರೋ ಅವ್ರೆ."

"ಬೀಗದ ಕೈ ನನ್ ಹತ್ರಾನೇ ಐತಲ್ಲಮ್ಮ."

"ಅದಕ್ಕೇ ಹೇಳಿದ್ದು."

ತನುಜ ಬಾಗಿಲಿಗೆ ಕಿವಿಗೊಟ್ಟಳು. ಟಕ್... ಟಕ್... ಟಕ್... ನಿಂತಿತು. ಆಮೇಲೆ... ಕರ್ರ್. ಕರ್ರ್. ಅದರ ಹಿಂದೆಯೇ ಸೂಜಿ ಓಡುವ ಟರ್ರ್ ಸದ್ದು. ಬ್ಯಾಗಿಗೆ ಕೈ ಹಾಕಿದಳು. ಫ್ಲಾಪಿ ಅಲ್ಲೇ ಇತ್ತು.

"ಅಣ್ಣಾ?" ಎಂದಳು ತನುಜ.

ಸೂಜಿ ನಿಂತಿತು.

ಬೀಗ ತೆಗೆದರೆ ಒಳಗೆ ಯಾರೂ ಇಲ್ಲ. ಫ್ರೇಮಿಗೆ ಅವಳೇ ಬೆಳಗ್ಗೆ ಏರಿಸಿಟ್ಟಿದ್ದ ಬಟ್ಟೆ. ಅದರ ಮೇಲೆ ನವಿಲು, ಗರಿಯ ಕೊನೇ ಕಣ್ಣಿನ ತನಕ. ತನುಜ ಅಲ್ಲೇ ಕುಸಿದು ಅತ್ತಳು. ಹೆದರಿಕೆಗೋ ಸಮಾಧಾನಕ್ಕೋ, ಅವಳಿಗೇ ಗೊತ್ತಿಲ್ಲ.

ಮದುವೆಯಲ್ಲಿ ಆ ರವಿಕೆಯನ್ನು ನಾನೇ ಕಣ್ಣಾರೆ ಕಂಡೆ. ಸುಳ್ಳು ಹೇಳಿ ನನಗೇನಾಗಬೇಕು? ಇನ್ನೊಂದು ಮಾತನ್ನು ತನುಜ ನನಗೆ ಮಾತ್ರ ಹೇಳಿದಳು. ಆ ರಾತ್ರಿಯೇ ಬಟ್ಟೆ ತಿರುವಿ ನೋಡಿದಳಂತೆ. ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಹಲ್ಲಲ್ಲಿ ಕಚ್ಚಿ ಹರಿದದ್ದು. ಮುಟ್ಟಿದರೆ... ಇನ್ನೂ ಒದ್ದೆಯಿತ್ತು.