ಮೂರನೇ ನಂಬರ್ ಕೋಣೆಯ ಮಂಚ

ಮಕ್ಕಳು ಮಲಗಿದವಾ ನೋಡಿಕೊಳ್ಳಿ ಮೊದಲು. ಇದನ್ನು ಹಗಲಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮಕ್ಕಳ ಮುಂದೆ ಹೇಳಿದರೆ ನಾಳೆಯಿಂದ ಬಚ್ಚಲಿಗೂ ನಾವೇ ಜೊತೆಗೆ ಹೋಗಬೇಕು.

ಚಂದ್ರಾ ಲೇಔಟಿನಲ್ಲಿ ಹಿಟ್ಟಿನ ಗಿರಣಿಯ ಹಿಂದಿನ ಮನೆ ಕುಸುಮಾಗೆ ಆದದ್ದು ಇದು. ಹೋದ ವರ್ಷ, ಆಷಾಢ.

ರಾತ್ರಿ ಒಂಬತ್ತೂವರೆ. ಕುಸುಮಾ, ಅವಳ ಅತ್ತೆ ವಿಮಲಮ್ಮ, ಇಬ್ಬರೂ ಕೆಂಗೇರಿಯಲ್ಲಿ ಮೆಟ್ರೋ ಇಳಿದು ಆಟೋ ಹತ್ತಿದ್ದರು. ಆಲದ ಮರದ ಹತ್ತಿರ ಬಂದಾಗ ಆಟೋ ನಿಂತಿತು.

"ಮುಂದಕ್ಕೆ ಬರಲ್ಲ ಆಂಟಿ. ರೋಡ್ ಸರಿ ಇಲ್ಲ."

"ರೋಡ್ ಸರಿ ಇಲ್ವೋ, ನಿನ್ನ ಗುಂಡಿಗೆ ಸರಿ ಇಲ್ವೋ?" ಅಂದಳು ಕುಸುಮಾ. "ಆಂಟಿ ಅಂತೆ ಆಂಟಿ. ನಿನಗಿಂತ ಚಿಕ್ಕವಳಿದೀನಿ ಕಣೋ."

ಅವನು ಆಟೋ ತಿರುಗಿಸಿಕೊಂಡು ಹೋದ. ಆಮೇಲೆ ಯಾವ ಸದ್ದೂ ಇಲ್ಲ... ಆಲದ ಬಿಳಲು ಒಂದಕ್ಕೊಂದು ಉಜ್ಜುವುದು ಮಾತ್ರ. ಜರ್... ಜರ್...

ಮರ ದಾಟಿದರೆ ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಹಾಕಿದ್ದಾರೆ. ಅತ್ತೆ ಅಲ್ಲಿ ನಿಂತುಬಿಟ್ಟರು.

"ಏನತ್ತೆ?" ಪಿಸುಗುಟ್ಟಿದಳು.

"ಏನಿಲ್ಲ. ಆಗ ಇಲ್ಲಿ ರಾಟೆ ಇತ್ತು."

"ಈಗಿಲ್ಲ. ನಡೀರಿ."

ಅವರು ಹೊರಟಿದ್ದು ಹುಣಸೆತೋಪಿನ ಬಂಗಲೆಗೆ. ಅರಮನೆ ಕಾಲದ್ದು. ಬಂಗಲೆಯವರು ಬಿಟ್ಟುಹೋದ ಮೇಲೆ ಸರ್ಕಾರದವರು ವಹಿಸಿಕೊಂಡರು. ಸುಣ್ಣ ಬಳಿದು, ಎಂಟು ಕೋಣೆಗೆ ಎಂಟು ಗೀಸರ್ ಕೂರಿಸಿ, ಹೋಟೆಲ್ ಮಾಡಿದರು. ಹಳೇ ಮಂಚ, ಹಳೇ ಕನ್ನಡಿ, ಗೋಡೆಯ ಮೇಲಿನ ಜಿಂಕೆ ಕೊಂಬು, ಎಲ್ಲ ಹಾಗೇ ಇಟ್ಟಿದ್ದಾರೆ. ಹಳೇ ಕಾಲದವರ ಹಾಗೆ ಒಂದು ರಾತ್ರಿ ಕಳೆಯಬೇಕು ಅನ್ನುವವರು ಬಂದು ಇರುತ್ತಾರೆ.

ವಿಮಲಮ್ಮ ಅಲ್ಲಿ ನಾಲ್ಕು ವರ್ಷ ಕಳೆದವರು. ಆದರೆ ಮಂಚದ ಕೆಳಗೆ.

ಒಂಬತ್ತು ವರ್ಷದ ಹುಡುಗಿಯನ್ನು ಅಪ್ಪ ಹೊಟ್ಟೆಬಟ್ಟೆಗೆ ಅಂತ ತಂದು ಬಿಟ್ಟಿದ್ದ. ಕೆಲಸ ಒಂದೇ. ರಾತ್ರಿಯೆಲ್ಲಾ ಬಂಗಲೆಯ ಅಮ್ಮಾವ್ರ ಕಾಲು ಒತ್ತುವುದು. ಮಂಚದ ಕಾಲಡಿಯಲ್ಲಿ ನೆಲದ ಮೇಲೆ ಕೂತು, ಕೈ ಮೇಲೆತ್ತಿ ಒತ್ತಬೇಕು. ತೂಕಡಿಸಿದರೆ ಅಮ್ಮಾವ್ರು ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಬೆರಳಿನ ಉಂಗುರದಿಂದ ಮಂಚದ ಮರಕ್ಕೆ ಬಡಿಯುತ್ತಿದ್ದರು. ಟಕ್. ಒಂದು ಸಲ ಅಂದರೆ, ಎದ್ದೇಳು. ಟಕ್ ಟಕ್. ಎರಡು ಸಲ ಅಂದರೆ, ಜೋರಾಗಿ ಒತ್ತು.

ಒಂದು ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಡುಗಿ ಬಗ್ಗಿ ದಿಂಬಿಗೆ ಕೆನ್ನೆ ಇಟ್ಟು ನೋಡಿತು. ಒಂದು ಗಳಿಗೆ ಅಷ್ಟೆ. ಅಮ್ಮಾವ್ರು ಬಾಗಿಲಲ್ಲಿ ನಿಂತು ನೋಡಿದರು. ಹುಡುಗಿಯನ್ನು ಹೊಡೆಯಲಿಲ್ಲ. ದಿಂಬನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಸುಡಿಸಿದರು.

ಅರವತ್ತು ವರ್ಷ ಈ ಮಾತು ವಿಮಲಮ್ಮನ ಹೊಟ್ಟೆಯಲ್ಲೇ ಇತ್ತು. ಮಂಡಿ ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ, ಒಂದು ದಿನ ಸೊಪ್ಪು ಬಿಡಿಸುತ್ತಾ ಸೊಸೆಗೆ ಹೇಳಿದರು. "ಆ ಮಂಚದ ಮೇಲೆ ಒಂದು ರಾತ್ರಿ... ದಿಂಬಿಗೆ ತಲೆ ಕೊಟ್ಟು... ಬೆಳಗಾಗೋವರೆಗೂ ಮಲಗಬೇಕು ಕಣೇ. ಆಮೇಲೆ ಡಾಕ್ಟರ್ ಏನಾದ್ರೂ ಕೊಯ್ಕೊಳ್ಳಲಿ."

ಮಗ ಕಾಂತರಾಜುಗೆ ಇದು ಸೇರಲಿಲ್ಲ. ಸೈಟು ಮಾರಿಸುವ ಆಫೀಸು ಇಟ್ಟುಕೊಂಡು ಬಿಳಿ ಅಂಗಿ ಹಾಕಿಕೊಂಡು ಓಡಾಡುವವನು. "ನಮ್ಮಮ್ಮ ಕಾಲೊತ್ತೋ ಕೆಲಸದಲ್ಲಿದ್ದಳು ಅಂತ ಊರಿಗೆಲ್ಲಾ ಸಾರ್ತೀರಾ? ನನ್ನ ಮಾನ ತೆಗೀಬೇಡಿ," ಅಂದ. ಕುಸುಮಾ ಅವನ ಹತ್ತಿರ ವಾದ ಮಾಡಲಿಲ್ಲ. ಕೆಂಗೇರಿಯ ಕಲಾವತಿ ಚಿಕ್ಕಮ್ಮನ ಮನೆಯಲ್ಲಿ ಪೂಜೆ ಅಂತ ಹೇಳಿದಳು. ಮಗಳಿಗೆ ಊಟ ಮಾಡಿಸಿ, ಮಲಗಿಸಿ, ಗಂಡನ ಪಕ್ಕಕ್ಕೆ ಹಾಕಿದಳು. "ಎದ್ದರೆ ನೀವೇ ಎತ್ಕೊಳ್ಳಿ, ಒಂದು ರಾತ್ರಿ ಮಾನ ಹೋಗಲ್ಲ," ಅಂದು ಅತ್ತೆಯ ಕೈ ಹಿಡಿದು ಹೊರಟಳು. ಕೋಣೆಯನ್ನು ಫೋನಿನಲ್ಲೇ ಬುಕ್ ಮಾಡಿದ್ದಳು. ಮೂರನೇ ನಂಬರ್, ಬೀಟೆ ಮರದ ಮಂಚ. ಫೋಟೋ ನೋಡಿ ಅತ್ತೆ, "ಅದೇ," ಅಂದಿದ್ದರು.

ಬಂಗಲೆಯಲ್ಲಿ ಇದ್ದದ್ದು ಬೈರಪ್ಪ ಒಬ್ಬರೇ. ರೂಮು ನೋಡಿಕೊಳ್ಳುವವರು. ಸ್ವೆಟರ್ ಮೇಲೆ ಯೂನಿಫಾರಂ, ತಲೆಗೆ ಮಫ್ಲರ್. ಆಧಾರ್ ಕಾರ್ಡು ನೋಡಿದರು, ಲೆಡ್ಜರಿನಲ್ಲಿ ಸೈನ್ ಹಾಕಿಸಿಕೊಂಡರು. ಆಮೇಲೆ ಕಂಪ್ಯೂಟರ್ ನೋಡಿ ಮುಖ ಸಣ್ಣ ಮಾಡಿದರು.

"ಆರನೇ ನಂಬರ್ ಕೊಡ್ತೀನಿ ತಾಯಿ. ಟಿವಿ ದೊಡ್ಡದು."

"ಟಿವಿ ನಮ್ಮನೇಲೂ ಇದೆ. ಮೂರು ಕೊಡಿ."

"ಮೂರಕ್ಕೆ ಬರೀ ಹೆಂಗಸರನ್ನ ಹಾಕಲ್ಲಮ್ಮ ನಾವು. ಗಂಡಸರು ಜೊತೆಗಿದ್ರೆ ಸರಿ... ಈ ಕಂಪ್ಯೂಟರಿಗೆ ಅದು ಗೊತ್ತಾಗಲ್ಲ, ಕೊಟ್ಟುಬಿಟ್ಟಿದೆ."

"ಯಾಕೆ ಹಾಕಲ್ಲ?"

ಬೈರಪ್ಪ ಹಿಂದೆ ಮುಂದೆ ನೋಡಿದರು. ಯಾರೂ ಇರಲಿಲ್ಲ. ಆದರೂ ಪಿಸುಮಾತಲ್ಲೇ ಹೇಳಿದರು. "ಬೆಳಿಗ್ಗೆ ಕಾಫಿ ತಗೊಂಡು ಹೋದ್ರೆ ನೆಲದ ಮೇಲೆ ಕೂತಿರ್ತಾರೆ. ಮಂಚದ ಕಾಲ ಹತ್ರ. ಕಣ್ಣು ಮುಚ್ಚಿರತ್ತೆ... ಖಾಲಿ ಹಾಸಿಗೆ ಒತ್ತುತಾ ಇರ್ತಾರೆ. ಹೋದ ವರ್ಷ ಮುಂಬೈಯಿಂದ ಒಬ್ರು ಮೇಡಂ ಬಂದಿದ್ರು, ದೊಡ್ಡ ಡಾಕ್ಟ್ರು. ಕೈ ಊದಿಹೋಗಿತ್ತು. ಎಬ್ಬಿಸಿದ್ರೆ, ಇನ್ನೂ ಅವರಿಗೆ ನಿದ್ದೆ ಬಂದಿಲ್ಲ ಅಂದ್ರು."

ಕುಸುಮಾ ಅತ್ತೆಯ ಕಡೆ ತಿರುಗಿದಳು. ವಾಪಸ್ ಹೋಗೋಣ ಅಂದರೆ ಹೋಗಿಬಿಡೋಣ ಅಂತಲೇ ಇದ್ದಳು.

"ಇನ್ನೂ ನಿದ್ದೆ ಬಂದಿಲ್ವಂತಾ ಅವರಿಗೆ?" ಅಂದರು ವಿಮಲಮ್ಮ. ಬೈರಪ್ಪನ ಕೈಯಿಂದ ಬೀಗದಕೈ ತಾವೇ ತೆಗೆದುಕೊಂಡರು. "ನಂಗೆ ಬರ್ತಾ ಇದೆ. ನಡಿ ಕುಸುಮಾ."

ಮಂಚ ದೊಡ್ಡದು. ನಾಲ್ಕು ಮೂಲೆಗೆ ನಾಲ್ಕು ಕಂಬ. ಮೇಲೆ ಬಿಳಿ ಹಾಸು, ಸರ್ಕಾರದ ಮೊಹರಿರುವ ದಿಂಬಿನ ಚೀಲ. ಬಚ್ಚಲಲ್ಲಿ ಬಿಸ್ಕತ್ತಿನಷ್ಟು ದೊಡ್ಡ ಸೋಪು. ವಿಮಲಮ್ಮ ಕೈಕಾಲು ತೊಳೆದು ಬಂದರು. ಮಂಚದ ಮುಂದೆ ಬಹಳ ಹೊತ್ತು ನಿಂತರು. ಹತ್ತುವುದಕ್ಕೆ ಕಾಲೇ ಏಳಲಿಲ್ಲ. ಮಂಡಿ ನೋವು ಒಂದೇ ಅಲ್ಲ ಅದು.

"ಹತ್ರಿ ಅತ್ತೆ. ನಾಳೆ ಹನ್ನೊಂದು ಗಂಟೆವರೆಗೂ ಇದು ನಮ್ದು. ರಸೀದಿ ಇದೆ."

ಹತ್ತಿದರು. ದಿಂಬಿಗೆ ಕೆನ್ನೆ ಇಟ್ಟರು. ಕಣ್ಣಿಂದ ನೀರು ಮೂಗಿನ ಮೇಲೆ ಹರಿದು ದಿಂಬಿಗೆ ಇಳಿಯಿತು. ಕುಸುಮಾ ನೋಡದವಳ ಹಾಗೆ ಇನ್ನೊಂದು ಪಕ್ಕದಲ್ಲಿ ಮಲಗಿದಳು. ಲೈಟ್ ಆರಿಸಲಿಲ್ಲ.

ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಮೈಸೂರು ರೋಡಿನ ಲಾರಿಗಳು ದೂರದಲ್ಲಿ ಗುಂಯ್ ಅನ್ನುತ್ತಿದ್ದವು. ಹನ್ನೆರಡಾಯಿತು. ಒಂದಾಯಿತು. ಅತ್ತೆಯ ಗೊರಕೆ ಶುರುವಾಯಿತು. ಕುಸುಮಾಗೂ ಕಣ್ಣು ಕೂಡಿಕೊಂಡು ಬಂತು...

ಟಕ್.

ಕಣ್ಣು ಬಿಟ್ಟಳು. ಲೈಟ್ ಉರಿಯುತ್ತಲೇ ಇದೆ. ಕೋಣೆಯಲ್ಲಿ ಯಾರೂ ಇಲ್ಲ. ಗೊರಕೆ ನಿಂತಿದೆ.

ಆಗ ಹಾಸಿಗೆ ತಗ್ಗಾಯಿತು. ಇಬ್ಬರ ನಡುವೆ. ಮೊದಲು ಸೊಂಟದ ಹತ್ತಿರ, ಆಮೇಲೆ ಬೆನ್ನಿನ ಹತ್ತಿರ, ಆಮೇಲೆ ಕಾಲಿನುದ್ದಕ್ಕೂ... ಯಾರೋ ಕೂತು, ಮೆಲ್ಲಗೆ ಒರಗಿ, ಕಾಲು ಚಾಚಿ ಮಲಗಿದ ಹಾಗೆ. ಬಿಳಿ ಹಾಸು ನಿರಿಗೆಗಟ್ಟಿತು. ಆ ಜಾಗದಿಂದ ಬಾವಿಯೊಳಗಿನ ಥಂಡಿ ಬಂದು ಕುಸುಮಾಳ ತೋಳಿಗೆ ಮುಟ್ಟಿತು.

"ಬಂದೆ ಅಮ್ಮಾವ್ರೇ."

ಅದು ಅತ್ತೆಯ ಬಾಯಿಂದ ಬಂದದ್ದು. ಆದರೆ ದನಿ ಅತ್ತೆಯದಲ್ಲ. ಒಂಬತ್ತು ವರ್ಷದ ಹುಡುಗಿಯ ದನಿ. ಆಮೇಲೆ ವಿಮಲಮ್ಮ ಎದ್ದರು. ಗೋಡೆ ಹಿಡಿಯದೆ ಮೆಟ್ಟಿಲು ಇಳಿಯಲಾರದವರು, ಮಂಚದಿಂದ ಸರ್ರನೆ ಜಾರಿ ಕಾಲಡಿಗೆ ಹೋಗಿ ಕೂತರು. ಕಣ್ಣು ಮುಚ್ಚಿದೆ. ಎರಡೂ ಕೈ ಮೇಲೆತ್ತಿ ಹಾಸಿಗೆ ಒತ್ತತೊಡಗಿದರು. ಬೆರಳು ಹಾಸಿಗೆಗೆ ತಾಗುತ್ತಿರಲಿಲ್ಲ... ನಾಲ್ಕು ಬೆರಳಷ್ಟು ಮೇಲೆ ಗಾಳಿಯಲ್ಲೇ ಏನನ್ನೋ ಹಿಡಿದು ಒತ್ತುತ್ತಿದ್ದವು.

ಟಕ್ ಟಕ್.

ಅತ್ತೆ ಇನ್ನೂ ಜೋರಾಗಿ ಒತ್ತಿದರು. ಹಣೆಯಲ್ಲಿ ಬೆವರು.

ಕುಸುಮಾಗೆ ಭಯ ಆಗಲಿಲ್ಲ ಅಂದರೆ ಸುಳ್ಳು. ಬಾಗಿಲು ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದೂ ನೋಡಿದಳು. ಆದರೆ ಅತ್ತೆಯ ಬೆವರು ನೋಡಿದಾಗ ಭಯ ಇದ್ದ ಜಾಗಕ್ಕೆ ಸಿಟ್ಟು ಬಂದು ಕೂತುಕೊಂಡಿತು. ಆ ತಗ್ಗಿನ ಕಡೆ ತಿರುಗಿದಳು.

"ಯಾರಮ್ಮ ನೀನು? ನಾವು ಆಧಾರ್ ತೋರಿಸಿ ಬಂದಿದೀವಿ. ನಿಂದೆಲ್ಲಿ?"

ಫ್ಯಾನು ನಿಂತಿತು.

"ಬಂಗ್ಲೆ ನಿಂದಾಗಿದ್ದ ಕಾಲ ಹೋಯ್ತು. ಈಗ ಇದು ಸರ್ಕಾರದ್ದು, ಇವತ್ತು ರಾತ್ರಿ ನಮ್ದು. ಸರಿ ಅತ್ಲಾಗೆ!"

ಅಂದವಳೇ ಆ ತಗ್ಗಿನ ಮೇಲೆಯೇ ಮಂಡಿಯೂರಿ ದಾಟಿದಳು. ಮಂಡಿಗೆ ಐಸು ಮುಟ್ಟಿದ ಹಾಗಾಯಿತು. ಕೆಳಗೆ ಬಗ್ಗಿ ಅತ್ತೆಯ ಎರಡೂ ಕೈಗಳನ್ನು ಮಣಿಕಟ್ಟಿನಲ್ಲಿ ಹಿಡಿದಳು. ಆ ಕೈಗಳಿಗೆ ಎಲ್ಲಿತ್ತೋ ಬಲ... ಇವಳನ್ನೇ ಎಳೆದುಕೊಂಡು ಒತ್ತುತ್ತಿದ್ದವು.

"ಅತ್ತೆ! ನಿಮಗೆ ಎಪ್ಪತ್ತು ವರ್ಷ! ನಿಮಗೆ ಸೊಸೆ ಬಂದಾಗಿದೆ, ಮೊಮ್ಮಗಳಿದಾಳೆ! ಕಣ್ಣು ಬಿಡ್ರಿ!"

ಟಕ್ ಟಕ್. ಟಕ್ ಟಕ್. ಮಂಚದ ಕಂಬವೇ ಅದುರಿತು.

"ಬಡ್ಕೋ," ಅಂದಳು ಕುಸುಮಾ ಹಲ್ಲು ಕಚ್ಚಿ. "ಬೆಳಗಾಗೋವರೆಗೂ ಬಡ್ಕೋ. ಈ ಕೈ ನಾನು ಬಿಡಲ್ಲ."

ಬಲ ಹಾಕಿ ಅತ್ತೆಯನ್ನು ಮೇಲಕ್ಕೆ ಎಳೆದುಕೊಂಡಳು. ದಿಂಬಿನ ಹತ್ತಿರ ತಂದು, ಕೈ ಎರಡನ್ನೂ ತನ್ನ ಎದೆಗೆ ಒತ್ತಿ ಹಿಡಿದು ಮಲಗಿಸಿದಳು. ವಿಮಲಮ್ಮ ಕಣ್ಣು ಬಿಟ್ಟರು. ದನಿ ಅವರದೇ ಆಗಿತ್ತು, ಒಡಕು ದನಿ.

"ಬಿಡಬೇಡ ಕಣೇ."

"ಇಲ್ಲ."

ಆಮೇಲೆ ವಿಮಲಮ್ಮ ಆ ತಗ್ಗಿನ ಕಡೆ ಮುಖ ಮಾಡಿದರು. ಒಂದು ಮೊಳ ದೂರ. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ. ತರಕಾರಿಯವನು ಕೊಳೆತ ಟೊಮೇಟೊ ಹಾಕಿದರೂ ಸುಮ್ಮನೆ ತರುವವರು.

"ಅಮ್ಮಾವ್ರೇ," ಅಂದರು. "ನನ್ನ ಮಂಡಿ ಸವೆದುಹೋಗಿದೆ. ಡಾಕ್ಟ್ರು ಆಪರೇಷನ್ ಅಂದವ್ರೆ. ನಾಲ್ಕು ವರ್ಷ ಒತ್ತಿದೆ, ನೀವು ಒಂದಿನಾನೂ ಸಾಕು ಅನ್ಲಿಲ್ಲ. ನಾನು ತಲೆ ಇಟ್ಟಿದ್ದಕ್ಕೆ ದಿಂಬು ಸುಡಿಸಿದ್ರಿ." ಉಸಿರು ತೆಗೆದುಕೊಂಡರು. "ಇವತ್ತು ನಾನು ಏಳಲ್ಲ. ನನ್ನ ಕಾಲು ನೋಯ್ತಾ ಇದೆ... ನೀವೇ ಒತ್ರಿ."

ಲಾರಿಗಳ ಸದ್ದೂ ಇಲ್ಲ, ಬಿಳಲಿನ ಸದ್ದೂ ಇಲ್ಲ.

ಆಮೇಲೆ ಹಾಸಿಗೆ ಮೇಲಕ್ಕೆದ್ದಿತು. ಮೊದಲು ಕಾಲಿನ ಹತ್ತಿರ, ಆಮೇಲೆ ಬೆನ್ನು, ಕೊನೆಗೆ ಸೊಂಟದ ಹತ್ತಿರ. ರೇಷ್ಮೆ ಸೀರೆ ನೆಲಕ್ಕೆ ಸವರುವ ಸದ್ದು... ಸರ್... ಸರ್... ಮಂಚವನ್ನು ಬಳಸಿಕೊಂಡು ಕಾಲಡಿಗೆ ಹೋಯಿತು. ಅಲ್ಲಿ ನಿಂತಿತು. ವಯಸ್ಸಾದವರು ನೆಲಕ್ಕೆ ಕೂರುವಾಗ ಬಿಡುತ್ತಾರಲ್ಲ, ಅಂಥ ಒಂದು ಉಸಿರು ಕೇಳಿಸಿತು.

ಕುಸುಮಾ ಆ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಿತ್ತು ಅನ್ನಿ, ನೀವಾಗಿದ್ದರೆ ನೋಡುತ್ತಿದ್ದಿರೋ?

ಸ್ವಲ್ಪ ಹೊತ್ತಿಗೆ ಶುರುವಾಯಿತು. ಚಟ್... ಕಾಲ್ಬೆರಳಿನ ನೆಟಿಗೆ ತೆಗೆಯುವ ಸದ್ದು. ಚಟ್... ಚಟ್... ಒಂದೊಂದೇ, ನಿಧಾನಕ್ಕೆ. ಕುಸುಮಾ ಎಣಿಸಿದಳು. ಹತ್ತು. ಅತ್ತೆಯ ಎರಡು ಕೈಯೂ ಅವಳ ಮುಷ್ಟಿಯೊಳಗೇ ಇದ್ದವು. ಅತ್ತೆ ಒಂದು ಸಲ "ಆಹ್" ಅಂದರು, ನೋವಿನದಲ್ಲ. ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಗೊರಕೆ ಹೊಡೆಯತೊಡಗಿದರು.

ಆರು ಗಂಟೆಗೆ ಬೈರಪ್ಪ ಕಾಫಿ ತಂದರು. ಬಾಗಿಲು ಒಂದಿಷ್ಟೇ ತಳ್ಳಿ ಮೊದಲು ನೆಲದ ಕಡೆ ಇಣುಕಿದರು. ಒಳಗೆ ಬಂದು ನೋಡಿದರೆ ವಿಮಲಮ್ಮ ಮಂಚದ ನಟ್ಟನಡುವೆ ಕೈಕಾಲು ಚಾಚಿ ಮಲಗಿದ್ದಾರೆ.

"ನೆಲದ ಮೇಲೆ ಯಾರೂ ಇಲ್ವಾ?" ಅಂದರು ಬೈರಪ್ಪ.

"ನೀವೇ ನೋಡಿ," ಅಂದಳು ಕುಸುಮಾ.

ವಿಮಲಮ್ಮನಿಗೆ ಎಚ್ಚರವಾಯಿತು. ಏಳಲಿಲ್ಲ. ಕಾಫಿಯನ್ನು ಹಾಸಿಗೆಗೇ ತರಿಸಿಕೊಂಡರು. ಉಪ್ಪಿಟ್ಟೂ ಇಲ್ಲಿಗೇ ಬರಲಿ ಅಂದರು. ಆಮೇಲೆ ಸೊಸೆಯ ಫೋನು ಕೇಳಿ ಇಸಿದುಕೊಂಡು ಮಗನಿಗೆ ತಾವೇ ಫೋನ್ ಮಾಡಿದರು. "ಪೂಜೆ ಗೀಜೆ ಏನಿಲ್ಲ ಕಣೋ. ಬಂಗ್ಲೇಲಿದೀನಿ. ಮಂಚದ ಮೇಲೆ. ಹನ್ನೊಂದಕ್ಕೆ ಬಂದು ಕರ್ಕೊಂಡು ಹೋಗು, ಮುಂಬಾಗಿಲಿಗೆ ಕಾರು ತಗೊಂಡು ಬಾ." ಆ ಕಡೆಯಿಂದ ಕಾಂತರಾಜು ಏನೋ ಕೂಗುತ್ತಿದ್ದ. ಫೋನ್ ಇಟ್ಟುಬಿಟ್ಟರು.

ಕುಸುಮಾ ಮುಖ ತೊಳೆಯಲು ಬರಿಗಾಲಲ್ಲಿ ಇಳಿದಳು. ಹಳೇ ಕಾಲದ ಕೆಂಪು ಗಾರೆ ನೆಲ, ಆಷಾಢದ ಬೆಳಿಗ್ಗೆ, ಪಾದ ಇಟ್ಟರೆ ಜುಮ್ ಅನ್ನುವಷ್ಟು ತಣ್ಣಗಿತ್ತು. ಕಾಲಡಿಯ ಕಂಬ ದಾಟುವಾಗ ನಿಂತಳು. ಬಗ್ಗಿ ಅಂಗೈ ಇಟ್ಟು ನೋಡಿದಳು. ಬೈರಪ್ಪನನ್ನೂ ಕರೆದಳು. ಅವರೂ ಕೈ ಇಟ್ಟರು, ತೆಗೆದರು, ಖಾಲಿ ಲೋಟ ಎತ್ತಿಕೊಂಡು ಹೊರಟುಹೋದರು.

ತನ್ನ ಮಗಳ ತಲೆ ಮುಟ್ಟಿ ಹೇಳಿದ್ದಾಳೆ ಕುಸುಮಾ. ಮಗಳ ತಲೆ ಮುಟ್ಟಿ ಸುಳ್ಳು ಹೇಳುವ ಹೆಂಗಸು ಅಲ್ಲ ಅವಳು. ಕೋಣೆಯ ನೆಲವೆಲ್ಲಾ ತಣ್ಣಗಿತ್ತು. ಮಂಚದ ಕಾಲಡಿಯಲ್ಲಿ, ಒಬ್ಬರು ಕೂರುವಷ್ಟು ಜಾಗ ಮಾತ್ರ, ಆಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.